ಬಾಗಿಲು ದಾಟದ ನಾಯಕಿ

ನಾನು ಆ ಧಾರಾವಾಹಿಯನ್ನು ಬರೆದದ್ದೆಲ್ಲ ಬಸ್ಸಿನಲ್ಲಿ. ಮನೆ ಇರುವುದು ತುಮಕೂರಿನ ಸದಾಶಿವನಗರದಲ್ಲಿ. ಕೆಲಸ ಗುಬ್ಬಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ, ಕನ್ನಡ ಪಾಠ. ಬೆಳಗಿನ ಬಸ್ಸು ಹೆಗ್ಗೆರೆ ದಾಟುವುದರೊಳಗೆ ಸೀಟು ಸಿಕ್ಕಿದರೆ ಆ ದಿನ ನಾಲ್ಕು ಸಾಲು ಮುಂದೆ ಹೋಯಿತು ಅಂತಲೇ ಅರ್ಥ. ಸಿಗದಿದ್ದರೆ ಕಂಬಿ ಹಿಡಿದು ನಿಂತು ಮನಸ್ಸಿನಲ್ಲೇ ಮಾತು ಕಟ್ಟಿ, ಸ್ಟಾಫ್ ರೂಮಿಗೆ ಹೋದ ಮೇಲೆ ಹೆಬ್ಬೆರಳಿನಲ್ಲಿ ಫೋನಿಗೆ ಒತ್ತುತ್ತಿದ್ದೆ. ಲೆಕ್ಕದ ಮೇಡಂ ಒಬ್ಬರು ಒಂದು ಕತೆ ಆ್ಯಪ್ ತೋರಿಸಿ, "ಇದ್ರಲ್ಲಿ ಹಾಕಿ ಮಿಸ್, ಯಾರ್ ಬೇಕಾದ್ರೂ ಹಾಕ್ಬೋದು" ಎಂದಿದ್ದರು. ವಾರಪತ್ರಿಕೆಗಳಿಗೆ ಕಳಿಸಿದ ಕತೆಗಳು ಒಂದೊಂದಾಗಿ ವಾಪಸ್ಸು ಬರುತ್ತಿದ್ದ ಕಾಲ ಅದು. ಹಾಕಿದೆ. ಮೊದಲ ಕತೆಗೆ ಯಾರೋ ಗುರುತಿಲ್ಲದವರು "ನಮ್ಮ ಮನೆ ಕತೆಯೇ" ಎಂದು ಬರೆದಾಗ ಮಲ್ಲಸಂದ್ರದ ಹತ್ತಿರ ಬಸ್ಸಿನಲ್ಲೇ ಕಣ್ಣು ತುಂಬಿತ್ತು.

ನನಗೆ ಒಬ್ಬಳೇ ಅಕ್ಕ. ಅಮ್ಮ ಹೋದಾಗ ನಾನಿನ್ನೂ ಲಂಗ ಹಾಕಿಕೊಂಡು ತಿರುಗುತ್ತಿದ್ದವಳು. ನನ್ನ ಜಡೆ ಹೆಣೆದವಳು, ಮಗ್ಗಿ ಬಾಯಿಪಾಠ ಮಾಡಿಸಿದವಳು ಎಲ್ಲ ಅವಳೇ. ಅವಳನ್ನು ಕುಣಿಗಲ್ ತಾಲ್ಲೂಕಿನ ಅಮೃತೂರಿಗೆ ಕೊಟ್ಟಿದೆ. ಭಾವನಿಗೆ ಕುಣಿಗಲ್ ಪೇಟೆಯಲ್ಲಿ ಪಂಪ್‌ಸೆಟ್ಟು, ಪೈಪುಗಳ ಅಂಗಡಿ. ಬೆಳಗ್ಗೆ ಲಿಂಗಪೂಜೆ ಮಾಡದೆ ಹನಿ ನೀರು ಕುಡಿಯದ ಮನುಷ್ಯ. ಕೈ ಎತ್ತಿದವರಲ್ಲ, ಕೆಟ್ಟ ಮಾತು ಆಡಿದವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಮುಂದಿನದನ್ನು ಕೇಳಿದವರೆಲ್ಲ ಭಾವನನ್ನು ರಾಕ್ಷಸ ಮಾಡಿಬಿಡುತ್ತಾರೆ. ಅವರು ರಾಕ್ಷಸರಾಗಿದ್ದರೆ ಅಕ್ಕನಿಗೆ ಸುಲಭವಾಗುತ್ತಿತ್ತು.

ಕ್ಯಾಮೆರಾ ಬಂದದ್ದು ತೋಟದ ಮೋಟರಿನ ಕೇಬಲ್ ಕದ್ದುಹೋದ ಮೇಲೆ. ಆ ಕಡೆ ತಾಮ್ರದ ತಂತಿಗಾಗಿ ರಾತ್ರಿ ಕೇಬಲ್ ಕತ್ತರಿಸಿಕೊಂಡು ಹೋಗುವುದು ಹೊಸದೇನಲ್ಲ. ಭಾವ ಪಂಪ್‌ಹೌಸಿಗೆ ಒಂದು ಕ್ಯಾಮೆರಾ ಹಾಕಿಸಿದರು. ಕಳ್ಳರು ಮತ್ತೆ ಬರಲಿಲ್ಲ. ಭಾವನಿಗೆ ಅದು ಬಹಳ ಹಿಡಿಸಿತು. ಅಂಗಡಿಯಲ್ಲಿ ಕುಳಿತೇ ಫೋನಿನಲ್ಲಿ ತೋಟ ನೋಡಬಹುದು, ಗೊನೆ ಇಳಿಸುವವರು ಬಂದರೋ ಇಲ್ಲವೋ ತಿಳಿಯಬಹುದು. ಆಮೇಲೆ ಗೇಟಿಗೆ ಒಂದು ಬಂತು. ಆಮೇಲೆ ಜಗುಲಿಗೆ. ಆಮೇಲೆ ಹಿತ್ತಿಲಿಗೆ. ಕೊನೆಗೆ, ಗ್ಯಾಸ್ ಆನ್ ಮಾಡಿ ಮರೆತುಬಿಡುತ್ತಾಳೆ ಎಂದು, ಅಡುಗೆಮನೆಯ ಬಾಗಿಲ ಮೇಲೊಂದು.

ನನಗೆ ಅದರ ಪರಿಚಯವಾದದ್ದು ಒಂದು ಅವರೆಕಾಯಿ ಕಾಲದಲ್ಲಿ. ಶನಿವಾರ ಮಧ್ಯಾಹ್ನ ಅಮೃತೂರಿಗೆ ಹೋಗಿದ್ದೆ. ಇಬ್ಬರೂ ಜಗುಲಿಯ ಮೇಲೆ ಮೊರ ಇಟ್ಟುಕೊಂಡು ಕಾಯಿ ಸುಲಿಯುತ್ತಿದ್ದೆವು. ನಾನು ನಮ್ಮ ಸ್ಕೂಲಿನ ಹೆಡ್ಮಾಸ್ಟರನ್ನು ಅಣಕಿಸುತ್ತಿದ್ದೆ, ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಇದ್ದಕ್ಕಿದ್ದಂತೆ ತಲೆಯ ಮೇಲಿಂದ ದನಿ ಬಂತು.

"ಯಾವಾಗ್ ಬಂದ್ಯಮ್ಮ? ಊಟ ಆಯ್ತಾ?"

ನನ್ನ ಕೈಯಲ್ಲಿದ್ದ ಕಾಳು ಚೆಲ್ಲಿತು. ಮೇಲೆ ನೋಡಿದರೆ ಗೋಡೆಯ ಮೂಲೆಯಲ್ಲಿ ಬಿಳಿ ಡಬ್ಬಿ, ಅದರೊಳಗಿಂದ ಭಾವ. ಎದ್ದು ನಿಂತು ಸೆರಗು ಸರಿಮಾಡಿಕೊಂಡು, ಆ ಡಬ್ಬಿಗೆ "ಈಗ್ಲೇ ಬಂದೆ ಭಾವ, ಆಯ್ತು ಊಟ" ಎಂದೆ. "ಇರು, ಸಂಜೆಗೆ ಬತ್ತೀನಿ. ಅಕ್ಕಂಗೆ ಹೇಳಿ ಕಾಫಿ ಮಾಡಿಸ್ಕೊ" ಎಂದರು. ಅಕ್ಕ ಅಲ್ಲೇ ಪಕ್ಕದಲ್ಲಿ ಕೂತಿದ್ದಳು. ಅವಳು ತಲೆಯೆತ್ತಲಿಲ್ಲ. ಕಾಯಿ ಸುಲಿಯುತ್ತಲೇ ಇದ್ದಳು. ನಗು ಮಾತ್ರ ನಿಂತಿತ್ತು.

ಅಕ್ಕನ ಜಗುಲಿ ಅಂದರೆ ಹೆಂಗಸರ ಅಡ್ಡೆ ಅಂತಲೇ ಆ ಬೀದಿಯಲ್ಲಿ ಹೆಸರು. ಡೇರಿಗೆ ಹಾಲು ಹಾಕಿ ವಾಪಸ್ಸು ಹೋಗುವವರು ಕ್ಯಾನು ಮೆಟ್ಟಿಲ ಮೇಲಿಟ್ಟು ಅರ್ಧ ಗಂಟೆ ಕೂರುವುದು, ಮಜ್ಜಿಗೆ ಕುಡಿಯುವುದು, ಮನೆಯ ಕಷ್ಟ ಹೇಳಿಕೊಂಡು ಅಳುವುದು, ಆಮೇಲೆ ಅದೇ ಕಷ್ಟಕ್ಕೆ ನಗುವುದು. ಆ ದಿನ ಸಂಜೆ ಹಾಲಿನ ಹೊತ್ತಾದರೂ ಯಾರೂ ಬರಲಿಲ್ಲ. ಗೇಟಿನ ಆಚೆಯಿಂದಲೇ ಒಬ್ಬಾಕೆ "ಏನಕ್ಕಾ, ತಂಗಿ ಬಂದವ್ಳಾ?" ಎಂದು ಕೇಳಿ ಹೋದಳು.

"ಯಾಕೆ ಒಳಗೆ ಬರ್ಲಿಲ್ಲ?" ಎಂದೆ.

ಅಕ್ಕ ನನ್ನನ್ನು ತೋಟದ ಕಡೆಗೆ ಕರೆದುಕೊಂಡು ಹೋಗಿ, ಮಾತು ಕೇಳಿಸದಷ್ಟು ದೂರ ಬಂದ ಮೇಲೆ ಹೇಳಿದಳು. ಪಕ್ಕದ ಮನೆಯಾಕೆ ಒಂದು ದಿನ ಜಗುಲಿಯಲ್ಲಿ ಕೂತು, ಗಂಡ ಇಸ್ಪೀಟಿಗೆ ಬಿದ್ದಿದ್ದಾನೆ ಎಂದು ಅತ್ತಿದ್ದಳಂತೆ. ಭಾವ ಅದನ್ನು ಅಂಗಡಿಯಲ್ಲೇ ಕೇಳಿಸಿಕೊಂಡಿದ್ದಾರೆ. ಮಾರನೆಯ ದಿನ ಆ ಗಂಡ ಕುಣಿಗಲ್ಲಿನಲ್ಲಿ ಸಿಕ್ಕಾಗ ನಾಲ್ಕು ಜನರ ಮುಂದೆ ಬುದ್ಧಿ ಹೇಳಿದ್ದಾರೆ. ಆತ ಮನೆಗೆ ಬಂದು ಹೆಂಡತಿಗೆ ಬಾರಿಸಿದ್ದಾನೆ.

"ನಿಮ್ ಭಾವ ಒಳ್ಳೇದಕ್ಕೇ ಹೇಳಕ್ ಹೋದ್ರು ಕಣೇ. ಆದ್ರೆ ಅವತ್ತಿಂದ ಒಬ್ರೂ ನಮ್ ಜಗ್ಲಿ ಹತ್ತಲ್ಲ. ಆಕೆಯಂತೂ ನನ್ ಮುಖಾನೇ ನೋಡಲ್ಲ, ನಾನೇ ಹೇಳ್ಕೊಟ್ಟೆ ಅನ್ಕೊಂಡವ್ಳೆ. ಎದೇಲಿ ರಾಗಿ ಬೀಸ್ದಂಗಾಯ್ತದೆ."

ಎದೆಯಲ್ಲಿ ರಾಗಿ ಬೀಸಿದ ಹಾಗೆ ಎನ್ನುವುದು ನಮ್ಮಮ್ಮನ ಮಾತು. ನಮ್ಮ ಮನೆಯ ಹೊರಗೆ ಯಾರ ಬಾಯಲ್ಲೂ ನಾನು ಅದನ್ನು ಕೇಳಿಲ್ಲ.

"ತೆಗೆಸ್ಬಿಡಿ ಅಂತ ಭಾವಂಗೆ ಹೇಳಕ್ಕಾಗಲ್ವಾ?"

"ಹೇಳ್ದೆ. 'ನಿಂಗೇನ್ ಮುಚ್ಚಿಡೋದೈತೆ?' ಅಂದ್ರು. ಏನೂ ಇಲ್ಲ. ಏನೂ ಇಲ್ದಿದ್ಮೇಲೆ ಏನಂತ ಜಗಳ ಆಡ್ಲಿ?"

ಆ ಮಾತು ನನ್ನನ್ನು ಬಿಡಲಿಲ್ಲ. ವಾಪಸ್ಸು ಬರುವಾಗ ಹೆಬ್ಬೂರಿನ ಹತ್ತಿರ ಅಕ್ಕನಿಗೆ ಫೋನ್ ಮಾಡಿ, "ಇದನ್ನ ಕತೆ ಮಾಡ್ಲಾ?" ಎಂದು ಕೇಳಿದೆ. "ಮಾಡು, ಊರ ಹೆಸ್ರು ಹಾಕ್ಬ್ಯಾಡ" ಎಂದಳು.

ಊರನ್ನೇ ಬದಲಿಸಿದೆ. ಮುಂದೆ ಎಂದೋ ಬರುವ ಕಾಲದ ಒಂದು ಪಟ್ಟಣ. ಅಲ್ಲಿ ಗ್ಯಾಸು, ನೀರು, ಶಾಲೆ, ಬಸ್ಸು, ಬಾಗಿಲ ಬೀಗ ಎಲ್ಲ ಒಂದೇ ಕಂಪನಿಯದು. ಪ್ರತಿ ಬಾಗಿಲಿಗೂ ಒಂದು ಕಣ್ಣು. ಆ ಕಣ್ಣುಗಳ ಹಿಂದೆ ಕುಳಿತು ನೋಡುವ ಕೆಲಸದ ಒಬ್ಬ ಗಂಡಸು. ಅವನು ನೋಡುವ ಮನೆಗಳಲ್ಲಿ ಒಂದರೊಳಗೆ ಒಬ್ಬಳು ಹೆಂಗಸು. ಅವಳ ಬಾಗಿಲು ತೆರೆಯಬೇಕಾದರೆ ಅವನು ಗುಂಡಿ ಒತ್ತಬೇಕು. ಅವಳು ಏನನ್ನೂ ಮುಚ್ಚಿಟ್ಟವಳಲ್ಲ, ಅದೇ ಅವಳ ಸಂಕಟ. ವಾರಕ್ಕೊಂದು ಕಂತು. ನನ್ನ ಹೆಸರಿನ ಬದಲು ಒಂದು ಕಾವ್ಯನಾಮ ಇಟ್ಟುಕೊಂಡೆ.

ಅದು ಹಬ್ಬಿದ ಬಗೆ ನನಗೇ ಅರ್ಥವಾಗಲಿಲ್ಲ. ಒಂಬತ್ತನೇ ಕ್ಲಾಸಿನ ಹುಡುಗಿಯರು ಗುಟ್ಟಾಗಿ ಓದುತ್ತಿದ್ದರು. ಅಂತರಸನಹಳ್ಳಿಯಲ್ಲಿ ಆಹಾರ ಪ್ಯಾಕ್ ಮಾಡುವ ಫ್ಯಾಕ್ಟರಿಯೊಂದರಲ್ಲಿ ನನ್ನ ಗಂಡ ಸೂಪರ್‌ವೈಸರ್. ಅವರ ಲೈನಿನ ಹೆಂಗಸರು ಊಟದ ಬಿಡುವಿನಲ್ಲಿ ಒಬ್ಬಳು ಫೋನಿನಲ್ಲಿ ಓದುವುದನ್ನು ಎಲ್ಲರೂ ಕೇಳುತ್ತಾರಂತೆ, ಬರೆದವಳು ಸೂಪರ್‌ವೈಸರ್ ಹೆಂಡತಿ ಎಂದು ಗೊತ್ತಿಲ್ಲದೆ. ಒಂದು ದಿನ ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಹುಡುಗಿ ನನ್ನ ಹೊಸ ಕಂತನ್ನೇ ತೆರೆದಳು. ನಾನು ಓರೆಗಣ್ಣಲ್ಲಿ ನೋಡಿದೆ. ನಾಯಕಿ ತನ್ನ ಅಂಗಳದ ಮೌನವನ್ನು ನೆನೆಯುವ ಭಾಗ, ನಾನು ಒಂದು ವಾರ ಒದ್ದಾಡಿ ಬರೆದದ್ದು. ಹುಡುಗಿಯ ಹೆಬ್ಬೆರಳು ಅದನ್ನು ಸರ್ರನೆ ಮೇಲಕ್ಕೆ ತಳ್ಳಿತು. ಆ ಗಂಡಸು ಪರದೆಯ ಮೇಲೆ ಅವಳು ತಲೆ ಬಾಚುವುದನ್ನು ನೋಡುವ ಜಾಗಕ್ಕೆ ಬಂದು ನಿಂತಿತು. ಮತ್ತೆ ಮೊದಲಿಂದ ಓದಿದಳು.

ಅದಾದ ಸ್ವಲ್ಪ ದಿನಕ್ಕೆ ಆ್ಯಪ್‌ನವರಿಂದ ಫೋನ್ ಬಂತು. ಬೆಂಗಳೂರಿನ ಹುಡುಗಿ, ಸಂಪಾದಕಿಯಂತೆ, ಬಹಳ ಮರ್ಯಾದೆಯ ದನಿ.

"ಮೇಡಂ, ನಿಮ್ಮ ಸೀರೀಸ್ ತುಂಬಾ ಚೆನ್ನಾಗಿ ಹೋಗ್ತಿದೆ. ಆದ್ರೆ ಪ್ರತಿ ಎಪಿಸೋಡಲ್ಲೂ ಒಂದೇ ಜಾಗದಲ್ಲಿ ರೀಡರ್ಸ್ ಬಿಟ್ಟು ಹೋಗ್ತಿದಾರೆ. ಅವಳು ಒಬ್ಳೇ ಇರೋ ಸೀನ್‌ಗಳು."

"ನಿಮಗೆ ಹೇಗೆ ಗೊತ್ತು?"

"ನಮಗೆ ಕಾಣುತ್ತಲ್ಲಾ ಮೇಡಂ. ಎಲ್ಲಿ ನಿಲ್ತಾರೆ, ಎಲ್ಲಿ ಹಾರಿಸ್ತಾರೆ, ಯಾವ ಲೈನ್ ಎರಡು ಸಲ ಓದ್ತಾರೆ, ಎಲ್ಲಾನೂ."

ಬಸ್ಸಿನ ಹುಡುಗಿಯ ಹೆಬ್ಬೆರಳು ನೆನಪಾಯಿತು. ಕದ್ದು ನೋಡಿದವಳು ನಾನೊಬ್ಬಳೇ ಅಲ್ಲ ಎಂದು ಆಗ ತಿಳಿಯಿತು. "ನೋಡುವವರ ಬಗ್ಗೆ ಬರೆದ ಕತೆ ಇದು, ಅದನ್ನ ಓದುವವರನ್ನೇ ನೀವು ನೋಡ್ತಿದೀರಲ್ಲಮ್ಮಾ" ಎಂದೆ. ಹುಡುಗಿ "ಅಯ್ಯೋ, ಹಾಗಲ್ಲ ಮೇಡಂ, ಇದು ರೀಡರ್ಸ್‌ಗೆ ಒಳ್ಳೇದಾಗ್ಲಿ ಅಂತ" ಎಂದಳು. ಭಾವನ ಬಗ್ಗೆ ಅಕ್ಕ ಹೇಳಿದ್ದೂ ಇದೇ ಮಾತು.

ಅವಳು ಕೇಳಿದ್ದು ಇಷ್ಟೇ: ನೋಡುವ ಗಂಡಸಿಗೆ ಇನ್ನಷ್ಟು ಜಾಗ ಬೇಕು, ಅವನಿಗೊಂದು ದುಃಖ ಬೇಕು. ತಪ್ಪೇನು ಅನ್ನಿಸಿತು, ಅವನೂ ಮನುಷ್ಯನೇ. ಅವನಿಗೆ ತೀರಿಕೊಂಡ ತಾಯಿಯನ್ನು ಕೊಟ್ಟೆ. ಮುಂದಿನ ಸಲ ಫೋನ್ ಮಾಡಿ, ಅವಳಿಗೆ ಅವನ ದನಿ ಕೇಳಿಸಲಿ ಎಂದಳು. ಕೇಳಿಸಿದೆ. ಅದರ ಮುಂದಿನ ಸಲ, ಆ ದನಿ ಕೇಳಿದರೆ ಅವಳಿಗೆ ಧೈರ್ಯ ಬರಲಿ ಎಂದಳು. ಪ್ರತಿ ಸಲವೂ ಇದೊಂದೇ ಎಂದುಕೊಂಡು ಬರೆದೆ. ಕೆಲವು ತಿಂಗಳ ಮೇಲೆ ಹಿಂದಿನ ಕಂತುಗಳನ್ನು ಒಟ್ಟಿಗೆ ಓದಿದಾಗ, ನನ್ನ ನಾಯಕಿ ತನ್ನ ಬಾಗಿಲ ಮೇಲಿನ ಕಣ್ಣಿಗೆ ದಿನಾ ಬೆಳಗ್ಗೆ ಹೂ ಮುಡಿದು ತೋರಿಸುವ ಮಟ್ಟಕ್ಕೆ ಬಂದಿದ್ದಳು.

ಅಷ್ಟರಲ್ಲಿ ಇನ್ನೊಂದಾಯಿತು. ಒಂದು ಭಾನುವಾರ ಭಾವನ ಫೋನ್.

"ಏನಮ್ಮಾ, ಕತೆಗಾರ್ತಿ! ನಿನ್ ಕತೆ ಓದ್ತಾ ಇದೀನಿ."

ಅಕ್ಕನ ಫೋನು ಭಾವನ ಖಾತೆಯಲ್ಲೇ ಇತ್ತು, ಅವರೇ ಮಾಡಿಕೊಟ್ಟಿದ್ದು. ನನ್ನ ಹೊಸ ಕಂತು ಎಂದು ನಾನು ಅವಳಿಗೆ ಕಳಿಸುತ್ತಿದ್ದ ಮೆಸೇಜು, ಅವಳು ಏನು ಓದುತ್ತಾಳೆ ಎನ್ನುವುದು, ಎಲ್ಲ ಅವರ ಫೋನಿಗೂ ಬರುತ್ತಿತ್ತು. ಸಾಲದ್ದಕ್ಕೆ, ಆ ಕ್ಯಾಮೆರಾಗಳ ಆ್ಯಪ್ಪೂ ಕತೆಯ ಆ್ಯಪ್ಪೂ ಒಂದೇ ಕಂಪನಿಯವು. ಒಂದೇ ಪಾಸ್‌ವರ್ಡ್‌ನಲ್ಲಿ ಎರಡೂ ತೆರೆಯುತ್ತಿದ್ದವು. ನಾನು ಬೈಗುಳಕ್ಕೆ ಕಾದೆ.

"ಚೆನ್ನಾಗ್ ಬರ್ದಿದ್ದೀಯ. ಆ ನೋಡೋನು ಪಾಪ, ಎಷ್ಟ್ ಒಳ್ಳೇವ್ನು! ಅವ್ಳಿಗೆ ಅರ್ಥ ಆಯ್ತಿರ್ಲಿಲ್ಲ, ಈಗ ಆಯ್ತಾ ಐತೆ. ನಿಮ್ಮಕ್ಕಂಗೂ ಓದು ಓದು ಅಂತ ನಾನೇ ಹೇಳ್ತೀನಿ."

"ಥ್ಯಾಂಕ್ಸ್ ಭಾವ" ಎಂದೆ. ಆ ಸಂಜೆ ಆ್ಯಪ್ ತೆರೆದರೆ ಅವರು ಐದು ನಕ್ಷತ್ರ ಕೊಟ್ಟಿದ್ದರು. ಕೆಳಗೆ, "ಕುಟುಂಬ ಸಮೇತ ಓದಬಹುದಾದ ಕತೆ."

ನನ್ನ ಗಂಡನಿಗೆ ಎಲ್ಲ ಹೇಳಿದೆ. ಅವರು ಆಗತಾನೇ ಶಿಫ್ಟ್ ಮುಗಿಸಿ ಬಂದು ಸಾಕ್ಸ್ ಬಿಚ್ಚುತ್ತಿದ್ದರು. "ಬಿಟ್ಟಾಕು. ಬೇರೆ ಕಡೆ ಬರಿ. ನಮ್ ಫ್ಯಾಕ್ಟರಿ ಥರ ಕ್ಯಾಮೆರಾಗೆ ಮುಖ ತೋರ್ಸಿದ್ರೇನೇ ಗೇಟ್ ತೆಗೆಯೋ ಕೆಲ್ಸನಾ ನಿಂದು?" ಎಂದರು.

ಬೇರೆ ಕಡೆ ಅಂದರೆ ಇನ್ನೆರಡು ಕತೆ ಆ್ಯಪ್‌ಗಳಿದ್ದವು. ಒಂದನ್ನು ಹಾಕಿಕೊಂಡು ಫೋನ್ ನಂಬರ್ ಕೊಟ್ಟೆ. ಅದು ನನ್ನ ಕಾವ್ಯನಾಮ, ನನ್ನ ಧಾರಾವಾಹಿಯ ಹೆಸರನ್ನೇ ತೋರಿಸಿ "ಮರಳಿ ಸ್ವಾಗತ" ಎಂದಿತು. ಅದನ್ನೂ ಇದೇ ಕಂಪನಿಯವರು ಕೊಂಡುಕೊಂಡಿದ್ದರು. ಇನ್ನೊಂದು ಮುಚ್ಚಿಹೋಗಿತ್ತು. ಮೊದಲು ಕತೆ ವಾಪಸ್ಸು ಕಳಿಸುತ್ತಿದ್ದ ವಾರಪತ್ರಿಕೆಗೆ ಫೋನ್ ಮಾಡಿದೆ. ಅಲ್ಲಿನ ವಯಸ್ಸಾದ ಉಪಸಂಪಾದಕರು ನಿಟ್ಟುಸಿರಿಟ್ಟು, "ಧಾರಾವಾಹಿ ಈಗ ನಾವು ಆರಿಸಲ್ಲಮ್ಮ. ಆ ಆ್ಯಪ್‌ನಿಂದಲೇ ಬರುತ್ತೆ, ಒಪ್ಪಂದ ಆಗಿದೆ. ಮುಂದಿನ ತಿಂಗಳಿಂದ ಯಾವುದೋ ನೋಡುವವನ ಕತೆ ಹಾಕ್ತಿದೀವಿ, ತುಂಬಾ ಓಡ್ತಿದೆಯಂತೆ" ಎಂದರು. ಅದು ನನ್ನದೇ ಎಂದು ಹೇಳುವ ಮನಸ್ಸಾಗಲಿಲ್ಲ.

ಹಾಗಾದರೆ ಮುಗಿಸಿಬಿಡೋಣ ಅಂದುಕೊಂಡೆ. ದಸರಾ ರಜೆಯಲ್ಲಿ ಕೊನೆಯ ಕಂತು ಬರೆದೆ. ಕರೆಂಟು ಹೋದ ಒಂದು ಗಳಿಗೆಯಲ್ಲಿ ಬಾಗಿಲ ಬೀಗ ಸಡಿಲಾಗುತ್ತದೆ. ನೋಡುವವನ ಪರದೆ ಕಪ್ಪಾಗುತ್ತದೆ. ಅವಳು ಚಪ್ಪಲಿಯನ್ನೂ ಹಾಕಿಕೊಳ್ಳದೆ ಹೊರಗೆ ಕಾಲಿಡುತ್ತಾಳೆ, ಬೆಟ್ಟದ ದಾರಿ ಹಿಡಿಯುತ್ತಾಳೆ, ತಿರುಗಿ ನೋಡುವುದಿಲ್ಲ. ಬರೆದು ಮುಗಿಸಿದಾಗ ಮೈ ಹಗುರಾಗಿತ್ತು. ಕಳಿಸಿದೆ.

ಸಂಪಾದಕಿ ಹುಡುಗಿ ಅದೇ ದಿನ ಫೋನ್ ಮಾಡಿದಳು. "ಮೇಡಂ, ಸೂಪರ್ ರೈಟಿಂಗ್. ಆದ್ರೆ ಇದು ಎಂಡಿಂಗ್ ಆಗಲ್ಲ. ಸೀರೀಸ್ ನಿಲ್ಸೋ ನಿರ್ಧಾರ ನಮ್ಮ ಕಡೆಯಿಂದ ಆಗ್ಬೇಕು. ನೀವು ಒಪ್ಪಿದೀರಲ್ಲಾ, ಟರ್ಮ್ಸ್‌ನಲ್ಲಿದೆ."

ಒಪ್ಪಿದ್ದು ನಿಜವಿರಬೇಕು. ಮೊದಲ ದಿನ ಒಂದು ಚೌಕದೊಳಗೆ ಟಿಕ್ ಒತ್ತಿದ್ದೆ. ಎಲ್ಲರೂ ಒತ್ತುವ ಹಾಗೆ.

"ನಾನು ಮುಂದೆ ಬರೆಯಲ್ಲಮ್ಮ" ಎಂದೆ.

"ಪರವಾಗಿಲ್ಲ ಮೇಡಂ, ನೀವು ರೆಸ್ಟ್ ತಗೊಳ್ಳಿ. ನಮ್ಮ ಸಿಸ್ಟಮ್ ನಿಮ್ಮ ಸ್ಟೈಲ್ ಕಲ್ತಿದೆ. ಅದು ಕಂಟಿನ್ಯೂ ಮಾಡುತ್ತೆ. ಹೆಸರು ನಿಮ್ಮದೇ ಇರುತ್ತೆ."

ಮುಂದಿನ ಕಂತು ವಾರದ ಮಾಮೂಲಿ ದಿನವೇ ಬಂತು. ಗುಬ್ಬಿಯಲ್ಲಿ ಬಸ್ಸಿಳಿದು ಸ್ಕೂಲಿಗೆ ನಡೆಯುತ್ತಿದ್ದಾಗ ಫೋನು ಕಂಪಿಸಿತು: ನಿಮ್ಮ ಹೊಸ ಕಂತು ಪ್ರಕಟವಾಗಿದೆ, ಅಭಿನಂದನೆಗಳು. ಅಂಗಡಿಯೊಂದರ ಮುಂದೆ ನಿಂತು ಓದಿದೆ. ಕರೆಂಟು ಹೋಗುತ್ತದೆ, ಬೀಗ ಸಡಿಲಾಗುತ್ತದೆ, ಅವಳು ಹೊಸ್ತಿಲಿಗೆ ಬರುತ್ತಾಳೆ. ಅಷ್ಟೂ ನನ್ನದೇ. ಆಮೇಲೆ ಕತ್ತಲಲ್ಲಿ ಅವಳಿಗೆ ಭಯವಾಗುತ್ತದೆ. ಯಾರೂ ತನ್ನನ್ನು ನೋಡುತ್ತಿಲ್ಲವಲ್ಲ ಎಂದು. "ಅವಳ ಎದೆಯಲ್ಲಿ ರಾಗಿ ಬೀಸಿದಂತಾಯಿತು" ಎಂದಿತ್ತು ಅಲ್ಲಿ. ಅವಳು ಒಳಕ್ಕೆ ಹೋಗಿ, ಕರೆಂಟು ಬರುವವರೆಗೂ ಆ ಕಣ್ಣಿನ ಕೆಳಗೆ ಕೂತು ಕಾಯುತ್ತಾಳೆ.

ಬಹಳ ಚೆನ್ನಾಗಿ ಬರೆದಿತ್ತು. ನನ್ನ ಹಾಗೇ ಚಿಕ್ಕ ಚಿಕ್ಕ ಮಾತು, ನನ್ನ ಹಾಗೇ ಅಲ್ಲಲ್ಲಿ ನಿಲ್ಲುವುದು. ನಮ್ಮಮ್ಮನ ಮಾತನ್ನು ನಾನು ಮೂರನೆಯ ಕಂತಿನಲ್ಲೋ ನಾಲ್ಕರಲ್ಲೋ ಒಂದೇ ಒಂದು ಸಲ ಹಾಕಿದ್ದೆ. ಅದನ್ನು ಹೆಕ್ಕಿಕೊಂಡು ಬಂದು ಇಲ್ಲಿಗೆ ತಂದಿತ್ತು. ಆ ಬೀದಿಯಲ್ಲಿ ನಿಂತು ನನಗೆ ಅಳುವೂ ಬರಲಿಲ್ಲ, ಸಿಟ್ಟೂ ಬರಲಿಲ್ಲ. ಯಾರ ಮೇಲೆ ಸಿಟ್ಟು ಮಾಡುವುದು? ಕ್ಲಾಸಿಗೆ ಹೋಗಿ ಸಂಧಿ ಪಾಠ ಮಾಡಿದೆ.

ಮಧ್ಯಾಹ್ನ ಅಕ್ಕನ ಫೋನ್. ಹಿಂದೆ ಕುಕ್ಕರಿನ ಸದ್ದು.

"ಇದು ನೀನ್ ಬರ್ದಿದ್ದಾ?"

"ಅಲ್ಲ ಕಣಕ್ಕ."

"ಮತ್ಯಾರು?"

"ಯಾರೂ ಅಲ್ಲ."

ಅಕ್ಕ ಕುಕ್ಕರ್ ಇಳಿಸಿದ ಸದ್ದಾಯಿತು. "ಅಮ್ಮನ್ ಮಾತು ಐತಲ್ಲೇ ಅದ್ರಲ್ಲಿ" ಎಂದಳು.

ಶನಿವಾರ ಅಮೃತೂರಿಗೆ ಹೋದೆ. ನನ್ನ ಕೊನೆಯ ಕಂತನ್ನು ಕಾಗದದ ಮೇಲೆ ಬರೆದು ತಂದಿದ್ದೆ. ಅಕ್ಕ ಮೇವು ತರುವ ನೆಪ ಮಾಡಿ ಕುಡುಗೋಲು ಹಿಡಿದಳು. ತೋಟ ದಾಟಿ, ಪಂಪ್‌ಹೌಸ್ ದಾಟಿ, ಕಾಲುವೆ ಏರಿಯ ಮೇಲೆ ಕೂತೆವು. ನೀರು ಬಿಟ್ಟಿದ್ದರು. ನಾನು ಓದಿದೆ. ಮುಗಿಸಿ ಅಕ್ಕನ ಮುಖ ನೋಡಿದೆ. ಅವಳು ಹುಲ್ಲಿನ ಎಸಳು ಸೀಳುತ್ತಿದ್ದಳು.

"ಬೆಟ್ಟಕ್ ಹೋದ್ಲಾ?"

"ಹ್ಞೂಂ."

"ಅಲ್ಲೇನೈತೆ?"

"ಅಂದ್ರೆ… ಬಿಡುಗಡೆ ಅಕ್ಕ. ಯಾರೂ ನೋಡದ ಜಾಗ."

"ಯಾರೂ ಇಲ್ದಿರೋ ಜಾಗ ಅನ್ನು. ಉಣ್ಣಾಕೆ ಯಾರ್ ಇಕ್ತಾರೆ? ಮಳೆ ಬಂದ್ರೆ ಎಲ್ ನಿಂತ್ಕೊಂತಾಳೆ? ನೀನ್ ಬರ್ದಿರೋದ್ರಲ್ಲೂ ಒಬ್ಳೇ, ಅದು ಬರ್ದಿರೋದ್ರಲ್ಲೂ ಒಬ್ಳೇ." ಬೈಗುಳವಲ್ಲ, ಸಾರಿಗೆ ಉಪ್ಪು ಕಮ್ಮಿ ಎನ್ನುವಷ್ಟೇ ಸಹಜವಾಗಿ ಹೇಳಿದಳು. "ಅವ್ಳಿಗೆ ಹೊರಗೋಗಾಕೆ ಆಗ್ಲಿಲ್ಲ ಅನ್ನೋದಲ್ಲ ಕಣೇ ಸಂಕ್ಟ. ಒಳಗೆ ಯಾರೂ ಬರ್ತಿಲ್ಲ ಅನ್ನೋದು. ನಾನ್ ನಿಂಗೆ ಹೇಳಿದ್ದು ಅದು."

ನಾನು ಕಾಗದ ಮಡಿಸಿದೆ. ಎಷ್ಟು ತಿಂಗಳು ಬರೆದಿದ್ದೆ. ಮೊದಲ ದಿನ ಅವಳು ಹೇಳಿದ್ದನ್ನೇ ಸರಿಯಾಗಿ ಕೇಳಿಸಿಕೊಂಡಿರಲಿಲ್ಲ.

"ಹಾಗಾದ್ರೆ ಅವ್ಳು ಎಲ್ಲಿಗೆ ಹೋಗ್ಬೇಕು?" ಎಂದು ಕೇಳಿದೆ.

"ಪಕ್ಕದ್ಮನೆಗೆ" ಎಂದಳು ಅಕ್ಕ. ತಕ್ಷಣ ಹೇಳಿದಳು, ಯೋಚಿಸಲೇ ಇಲ್ಲ. ಆಮೇಲೆ ತಾನೇ ಹೇಳಿದ ಮಾತನ್ನು ತಾನೇ ಕೇಳಿಸಿಕೊಂಡವಳ ಹಾಗೆ ಮನೆಯ ಕಡೆ ತಿರುಗಿ ನೋಡಿದಳು.

ಮುಂದಿನದು ನಾನು ಕಂಡದ್ದಲ್ಲ, ಅಕ್ಕ ಹೇಳಿದ್ದು. ಆ ವಾರದಲ್ಲಿ ಒಂದು ಮಧ್ಯಾಹ್ನ, ಪಾತ್ರೆ ತೊಳೆದು, ಕೈ ಒರೆಸಿಕೊಂಡು, ಫೋನನ್ನು ಅಡುಗೆಮನೆಯ ಕಟ್ಟೆಯ ಮೇಲೇ ಬಿಟ್ಟು, ಚಪ್ಪಲಿ ಮೆಟ್ಟಿಕೊಂಡು ಜಗುಲಿ ಇಳಿದು ಗೇಟು ತೆಗೆದು ಹೊರಟಳು. ಜಗುಲಿಯ, ಗೇಟಿನ ಎರಡೂ ಕ್ಯಾಮೆರಾಗಳ ಮುಂದೆಯೇ ಹೋದಳು. ಪಕ್ಕದ ಮನೆ ಅಂದರೆ ನಡುವೆ ಒಂದು ಸೀಬೆ ಗಿಡ, ಅಷ್ಟೇ. ಆ ಮನೆಯ ಬಾಗಿಲು ಬಡಿದಳು. ಆ ಹೆಂಗಸು ಬಾಗಿಲು ತೆರೆದವಳೇ ಅಕ್ಕನನ್ನೂ, ಅವಳ ಬೆನ್ನ ಹಿಂದೆಯೂ ನೋಡಿದಳು. ಆಮೇಲೆ ಆಕೆ, "ಬಾರಕ್ಕ, ಇಲ್ ಆಡಿದ್ ಮಾತು ಯಾರ್ಗೂ ಕೇಳ್ಸಲ್ಲ" ಎಂದಳಂತೆ.

"ಏನ್ ಮಾತಾಡಿದ್ರಿ?" ಎಂದು ಕೇಳಿದ್ದಕ್ಕೆ ಅಕ್ಕ, "ಅದನ್ನ ಹೇಳಲ್ಲ. ಬರ್ದ್‌ಬುಡ್ತೀಯ" ಎಂದು ನಕ್ಕಳು.

ವಾಪಸ್ಸು ಬರುವಷ್ಟರಲ್ಲಿ ಭಾವ ಕುಣಿಗಲ್ಲಿನಿಂದ ಸ್ಕೂಟರಿನಲ್ಲಿ ಬಂದು ಜಗುಲಿಯ ಮೇಲೆ ಕೂತಿದ್ದರು. ಅರ್ಧ ದಿನಕ್ಕೇ ಅಂಗಡಿ ಬಾಗಿಲು ಹಾಕಿ ಬಂದಿದ್ದರು. ಗೇಟು ದಾಟುವುದು ಕಂಡಿದೆ, ಫೋನ್ ಮಾಡಿದರೆ ಎತ್ತುತ್ತಿಲ್ಲ.

"ಎಲ್ಲೋಗಿದ್ದೆ?"

"ಪಕ್ಕದ್ಮನೆಗೆ."

"ಹೇಳ್ಬುಟ್ ಹೋಗ್ಬಾರ್ದಾ? ಏನಾಯ್ತೋ ಅಂತ ನನ್ ಜೀವ ಹೋಗಿತ್ತು!"

"ಏನೂ ಆಗಿಲ್ಲ. ಕಾಫಿ ಕುಡ್ಕೊಂಡ್ ಬಂದೆ."

ಭಾವ ಕೂಗಾಡಲಿಲ್ಲ. ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲ ಅಷ್ಟೇ. ಎರಡು ದಿನ ಬಿಟ್ಟು ಒಂದು ಡಬ್ಬಿ ತಂದರು. ಕೈಗೆ ಕಟ್ಟುವ ಗಡಿಯಾರ. ಬಿ.ಪಿ. ನೋಡುತ್ತದೆ, ಎದೆಬಡಿತ ನೋಡುತ್ತದೆ, ಬಿದ್ದರೆ ತಿಳಿಸುತ್ತದೆ, ಎಲ್ಲಿದ್ದಾಳೆ ಎಂದು ತೋರಿಸುತ್ತದೆ, ಫೋನಿನ ಹಾಗೆ ಅದರಲ್ಲೇ ಮಾತೂ ಆಡಬಹುದು. ಮತ್ತೆ ಅದೇ ಕಂಪನಿಯದು. "ಇನ್ಮೇಲೆ ಫೋನ್ ಮರ್ತೋದ್ರೂ ಪರ್ವಾಗಿಲ್ಲ" ಎಂದು ತಾವೇ ಅವಳ ಕೈಗೆ ಕಟ್ಟಿದರಂತೆ, ಬಳೆಗಳನ್ನು ಮೇಲಕ್ಕೆ ಸರಿಸಿ, ನೋಯದ ಹಾಗೆ.

ಇದಾಗಿ ಸುಮಾರು ದಿನವಾಯಿತು. ಧಾರಾವಾಹಿ ಇನ್ನೂ ನಡೆಯುತ್ತಿದೆ, ನನ್ನ ಹೆಸರಿನಲ್ಲೇ. ನಾಯಕಿ ಈಗ ಬಸುರಿ ಎಂದು ಒಂಬತ್ತನೇ ಕ್ಲಾಸಿನ ಹುಡುಗಿಯರ ಪಿಸುಮಾತಿನಿಂದ ತಿಳಿಯಿತು. ಬರೆಯುವವಳು ನಾನಲ್ಲ ಎಂದು ಆ್ಯಪ್‌ನಲ್ಲೇ ಒಂದು ಸಲ ಬರೆದೆ. ಆ ಸಾಲು ನನಗೆ ಮಾತ್ರ ಕಾಣುತ್ತಿತ್ತು, ಬೇರೆ ಯಾರ ಫೋನಿನಲ್ಲೂ ಇರಲಿಲ್ಲ. ಖಾತೆ ಅಳಿಸಲು ಹೋದರೆ ಸೀರೀಸ್ ಮುಗಿಯುವವರೆಗೂ ಆಗುವುದಿಲ್ಲ ಎನ್ನುತ್ತದೆ. ಸೀರೀಸ್ ಮುಗಿಸುವವರು ಯಾರು ಎಂದು ಕೇಳಲು ಆ ಸಂಪಾದಕಿ ಹುಡುಗಿಗೆ ಫೋನ್ ಮಾಡಿದೆ. ಅವಳ ನಂಬರಿಗೆ ಉತ್ತರ ಕೊಟ್ಟದ್ದು ಒಂದು ದನಿ, ಬಹಳ ಮರ್ಯಾದೆಯದು. ಒಂದೆರಡು ಮಾತಿಗೇ ಅದು ಮನುಷ್ಯರದ್ದಲ್ಲ ಎಂದು ಗೊತ್ತಾಯಿತು. ಅವಳನ್ನೂ ಕೆಲಸದಿಂದ ತೆಗೆದಿದ್ದರು.

ಹೊಸ ಕತೆಯೊಂದು ತಲೆಯಲ್ಲಿದೆ. ಫೋನಿನಲ್ಲಿ ಬರೆಯಲು ಕೈ ಹೋಗುವುದಿಲ್ಲ. ಕಾಗದದ ಮೇಲೆ ಬರೆದರೆ ಯಾರಿಗೆ ಕೊಡುವುದು? ಬಸ್ಸಿನಲ್ಲಿ ಈಗ ಕಿಟಕಿಯ ಪಕ್ಕ ಸುಮ್ಮನೆ ಕೂತಿರುತ್ತೇನೆ. ಒಂದೊಂದು ದಿನ ಒಳ್ಳೆಯ ಮಾತೊಂದು ಹೊಳೆದರೆ ಹೆದರಿಕೆಯಾಗುತ್ತದೆ, ಎಲ್ಲಿ ಯಾರಾದರೂ ಕಂಡುಬಿಟ್ಟರೋ ಎಂದು.

ಹೋದ ತಿಂಗಳು ಅಮೃತೂರಿಗೆ ಹೋಗಿದ್ದಾಗ ಅಕ್ಕ ಮಂಚದ ಮೇಲೆ ಕಾಲು ಚಾಚಿ ಫೋನಿನಲ್ಲಿ ಓದುತ್ತಿದ್ದಳು. ಬಗ್ಗಿ ನೋಡಿದೆ. ಅದೇ ಧಾರಾವಾಹಿ.

"ಇನ್ನೂ ಓದ್ತೀಯಾ? ನಾನ್ ಬರ್ದಿದ್ದಲ್ಲ ಅಂತ ಗೊತ್ತಿದ್ದೂ?"

"ಗೊತ್ತು. ಮಧ್ಯಾಹ್ನ ಹೊತ್ ಹೋಗ್ಬೇಕಲ್ಲ. ಬೇರೆ ಏನೈತೆ ಓದಾಕೆ, ಹೇಳು?"

ಅವಳು ಫೋನು ಕೆಳಗಿಟ್ಟು ಎದ್ದಳು, ಸೆರಗು ಸಿಕ್ಕಿಸಿಕೊಂಡು, "ಬಾ, ಪಕ್ಕದ್ಮನೇಲಿ ಒಬ್ಬಟ್ಟು ಮಾಡವ್ರೆ, ಕರ್ದವ್ರೆ" ಎಂದಳು. ಗಡಿಯಾರ ಕೈಯಲ್ಲೇ ಇತ್ತು.

"ಅದನ್ನ ಬಿಚ್ಚಿಟ್ಟು ಬಾರಕ್ಕ."

"ಬಿಚ್ಚಿದ್ರೆ ತಕ್ಷಣ ನಿಮ್ ಭಾವಂದು ಫೋನ್ ಬತ್ತದೆ. ಇರ್ಲಿ ಬುಡು. ನಾನ್ ಎಲ್ಲೋದೆ ಅಂತ ಗೊತ್ತಾಯ್ತದೆ, ಅಷ್ಟೇ ತಾನೆ."

ಆ ಮನೆಯ ಹಜಾರದಲ್ಲಿ ಚಾಪೆ ಹಾಸಿತ್ತು. ಮೂವರು ಹೆಂಗಸರು ಕೂತಿದ್ದರು. ಅಕ್ಕ ಒಳಗೆ ಬಂದೊಡನೆ ಎಲ್ಲರೂ ಜರುಗಿ ಜಾಗ ಮಾಡಿದರು, ನಗುತ್ತಾ ಮಾತಾಡಿಸಿದರು. ಒಬ್ಬಾಕೆ ಮಾತ್ರ ಅಕ್ಕನ ಮಣಿಕಟ್ಟನ್ನು ನೋಡಿದಳು. ಅವಳು ಏನೋ ಹೇಳುತ್ತಿದ್ದಳು; ಅದನ್ನು ಅಲ್ಲಿಗೇ ನಿಲ್ಲಿಸಿ, ಒಬ್ಬಟ್ಟಿಗೆ ತುಪ್ಪ ಹಾಕಲಾ ಎಂದು ಕೇಳಿದಳು.